ಸಮುದ್ರ ತಿನ್ನದ ಕಬ್ಬಿಣ

ನಾನು ಚಿಕ್ಕವನಿದ್ದಾಗ ಹತ್ತಿದ ಸಿಟ್ಟೊಂದು ಇನ್ನೂ ಇಳಿದಿಲ್ಲ, ಮಕ್ಕಳೇ. ನಮ್ಮ ಕೋಡಿಬಾಗದ ದಡದಲ್ಲಿ ಹಡಗು ಬಿಟ್ಟು ಹೋದವರ ಮೇಲಿನ ಸಿಟ್ಟು ಅದು.

ಒಂದು ಮಳೆಗಾಲದ ಗಾಳಿಗೆ ಸರಕಿನ ಹಡಗು ಬಂದು ನಮ್ಮ ಮರಳಿನಲ್ಲಿ ಹೂತುಕೊಂಡಿತು. ಹಡಗಿನವರು ಇಂಜಿನ್ ಬಿಚ್ಚಿದರು, ಹಿತ್ತಾಳೆ, ತಾಮ್ರ ಕಿತ್ತರು, ಉಳಿದ ಹಡಗಿನ ಹೆಣವನ್ನು ನಮಗೆ ಬಿಟ್ಟು ನಡೆದರು. ಕೇರಿಯವರು ದೂರು ಕೊಡಲು ಹೊರಟರು. ಕೇರಿಯೆಲ್ಲ ಸೇರಿ ದಡಕ್ಕೆಳೆಯುವ ನಮ್ಮ ರಂಪಣಿ ಬಲೆಯ ಮುಂದಾಳು ಅಪ್ಪ. ಅವನೇ ತಡೆದ.

"ಬಿಡ್ರೋ ಮಾರಾಯ್ರಾ, ನಾಲ್ಕು ಮಳೆಗಾಲ ಹೋಗ್ಲಿ. ಸಮುದ್ರವೇ ತಿಂದ್ ಹಾಕ್ತದೆ."

ಅಪ್ಪನಿಗೆ ಗೊತ್ತಿದ್ದದ್ದು ಮರದ ದೋಣಿ. ನೀರಿಗೆ ಬಿದ್ದ ಮರವನ್ನು ಹುಳು ಒಳಗಿಂದಲೇ ಕೊರೆಯುತ್ತಿತ್ತು, ನಾಲ್ಕು ವರ್ಷಕ್ಕೆ ಮುಟ್ಟಿದರೆ ಪುಡಿ. ಕಬ್ಬಿಣಕ್ಕೂ ಅದೇ ಲೆಕ್ಕ ಹಾಕಿದ. ಹಡಗಿನ ಬಣ್ಣ ಉದುರಿತು, ಕೆಂಪು ತುಕ್ಕು ಹಪ್ಪಳದ ಹಾಗೆ ಪದರ ಪದರವಾಗಿ ಎದ್ದಿತು. ನಾಲ್ಕನೇ ಮಳೆಗಾಲ ಮುಗಿದಾಗ ನೀರಿನ ಮೇಲೆ ಏನೂ ಕಾಣಲಿಲ್ಲ. "ಈಗೆಂತ ಹೇಳ್ತ್ರಿ?" ಎಂದು ಅಪ್ಪ ಮೀಸೆ ತಿರುವಿದ.

ಅದಾದ ಕೆಲವೇ ದಿನಕ್ಕೆ, ಒಂದು ಬೆಳಿಗ್ಗೆ ಬಂಗಡೆ ಮೀನಿನ ಹಿಂಡು ಬಂದು ದಡದ ನೀರೇ ಕಪ್ಪಾಗಿತ್ತು. ದೋಣಿ ಸುತ್ತು ಹಾಕಿ ಬಲೆ ಬಿಟ್ಟಿತು, ಇಡೀ ಕೇರಿ ಹಗ್ಗ ಹಿಡಿಯಿತು. ಆ ಬಲೆಯ ಒಂದೊಂದು ತುಂಡು ಒಂದೊಂದು ಮನೆಯವರು ಹೆಣೆದದ್ದು. ನಮ್ಮ ಮನೆಯದನ್ನು ಅಕ್ಕ ಎರಡು ವರ್ಷ ಕೂತು ಹೆಣೆದಿದ್ದಳು. ಅವಳ ಹಿಂದೆ ನಿಂತು ನಾನೂ ಎಳೆಯುತ್ತಿದ್ದೆ, ಅಂಗೈ ಉರಿಯುತ್ತಿತ್ತು. ನಡುವೆ ಬಲೆ ನಿಂತುಬಿಟ್ಟಿತು. ಅಪ್ಪ "ಎಳೀರಿ!" ಎಂದು ಕೂಗಿದ. ಎಳೆದೆವು. ಹಗ್ಗ ಒಮ್ಮೆಲೇ ಸಡಿಲಾಗಿ ಎಲ್ಲರೂ ಮರಳಿನ ಮೇಲೆ ಬಿದ್ದೆವು.

ನೀರಿನಡಿ ಹಡಗಿನ ಪಕ್ಕೆಲುಬು ಹಾಗೇ ನಿಂತಿತ್ತು. ತುಕ್ಕು ತಗಡನ್ನು ಸವೆಸಿ ಕತ್ತಿ ಮಾಡಿತ್ತು, ಅಷ್ಟೇ. ಬಲೆ ಚಿಂದಿಯಾಗಿ ಬಂತು, ಒಂದು ಮೀನೂ ಇರಲಿಲ್ಲ.

"ಕಾಣ್ದೇ ಇದ್ರೆ ಹೋಯ್ತು ಅಂದ್ಯಲ್ಲ ಅಪ್ಪಾ! ಹೋಗು, ಮನೆ ಮನೆಗೂ ನೀನೇ ಹೇಳು!" ಎಂದು ಅಕ್ಕ ಅಳುತ್ತ ಕಿರುಚಿದಳು.

ಅಪ್ಪ ಹೋದ. ಒಂದೊಂದೇ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತು "ತಪ್ಪು ನಂದು" ಎಂದ. ಹಡಗಿನವರು ಮಾತ್ರ ಯಾರ ಬಾಗಿಲಿಗೂ ಬರಲಿಲ್ಲ, ಹಾಳಾಗಿ ಹೋಗಲಿ!

ನೀವು ಅಂಕೋಲೆಯಿಂದ ರಜೆಗೆ ಬರುತ್ತೀರಿ. ಮರಳು ಸರಿದು ಈಗ ಇಳಿತದಲ್ಲಿ ಕಾಣುವ ಅದೇ ಪಕ್ಕೆಲುಬಿನ ಮುಂದೆ ನಿಂತು, ನಿಮ್ಮಪ್ಪನ ಹೊಸ ಕ್ಯಾಮೆರಾ ಮೊಬೈಲಿಗೆ ಹಲ್ಲು ಕಿರಿಯುತ್ತೀರಿ. ನಿಮ್ಮ ಕಾಲದ ಬಲೆ ನೈಲಾನಿನದು, ದೋಣಿಗೆ ಇಂಜಿನ್ನಿದೆ. ಆದರೆ ಕಳೆದ ತಿಂಗಳು ಆಚೆ ದಡದಲ್ಲಿ ಇನ್ನೊಂದು ಹಡಗು ಹೂತಾಗ, ಅದನ್ನು ನೋಡಲು ಬಂದ ಹಡಗಿನವರ ಕಡೆಯ ಇಸ್ತ್ರಿ ಅಂಗಿಯವನೊಬ್ಬ ಏನೆಂದ ಗೊತ್ತೇ? "ಬಿಡಿ ಅಜ್ಜ, ನಾಲ್ಕು ಮಳೆಗಾಲ ಹೋದ್ರೆ ತಾನೇ ಕರಗಿ ಹೋಗ್ತದೆ."

ನಾನು ಅವನ ಕೈ ಗಟ್ಟಿಯಾಗಿ ಹಿಡಿದು, "ನಡಿ, ಕೇರಿಯ ಒಂದೊಂದೇ ಬಾಗಿಲಲ್ಲಿ ನಿಂತು ಇದನ್ನ ಹೇಳು" ಅಂದೆ. ಅವನು ಕೈ ಬಿಡಿಸಿಕೊಂಡು ಕಾರು ಹತ್ತಿದ.