ಸನಾದಿ ಬಿಡಿಸಿದ ಡಾಕ್ಟರು

ಅರವತ್ತನೇ ಇಸವಿ ಆಜೂಬಾಜು ವಿಜಾಪುರದಾಗ ಕ್ಷಯಕ್ಕ ಸೂಜಿಮದ್ದು ಚಾಲೂ ಮಾಡಿದ ಮೊದಲಿನ ಡಾಕ್ಟರರೊಳಗ ನಮ್ಮಪ್ಪ ಒಬ್ಬರು. ಆದರ ಅವರ ಜೀವ ಇದ್ದದ್ದು ಹಿತ್ತಲದಾಗಿನ ಉಳಿ, ಅರ, ತಂತಿಯೊಳಗ. ಬಬಲೇಶ್ವರದಿಂದ ಒಣಗಿದ ಸೋರಿಬುರುಡಿ ತರಿಸಿ, ರೋಗಿ ಎದಿ ಬಡದಂಗ ಬೆರಳಿನಿಂದ ಬಡದು ನೋಡಿ, ಛಲೋ ದನಿ ಬಂದದ್ದನ್ನ ತಂಬೂರಿ ಮಾಡಾಕ ಎತ್ತಿಡತಿದ್ದರು. "ಬುರುಡಿಗೂ ಒಂದು ಸೂಜಿ ಮಾಡಿಬಿಡ್ರಿ," ಅಂತಿದ್ದಳು ಅವ್ವ.

ಟಿಕೋಟಾದ ಸನಾದಿಯವ ಒಬ್ಬ ರಕ್ತ ಕಾರಿಕೋತ ಬಂದ. ಒಂದೂವರಿ ವರ್ಷ ಔಷಧ ತಗೊಂಡ ಮ್ಯಾಲ ಕಫ ಸ್ವಚ್ಛಾತು. ಖರೆ, ಎದಿಯೊಳಗ ಗಾಯ ಉಳದಿತ್ತು. "ಇನ್ನ ಊದಿದಿ ಅಂದ್ರ ಸಾಯತಿ," ಅಂದರು ಅಪ್ಪ. "ಊದಲಿಲ್ಲಂದ್ರ ನಾ ಯಾರ್ರಿ ಸಾಹೇಬ್ರ?" ಅಂದ ಅವ. ಹಿಂದ ಕುಂತು ಶ್ರುತಿ ಹಿಡಿಯೋ ತಮ್ಮ ಒಬ್ಬ ಅವಗಿದ್ದ. ಆದರ ಅಣ್ಣ ತನ್ನ ಕೈಯಾರೆ ಸನಾದಿ ಕೊಡೋತನಕ ತಮ್ಮ ಮುಂದ ಕುಂತು ಊದೂಹಂಗಿಲ್ಲ, ಅದು ಅವರ ಮನಿತನದ ರೀತಿ. ಅಣ್ಣ ಕೊಡಲಿಲ್ಲ.

ಅಪ್ಪ ಹಟ ಬಿಡೂ ಪೈಕಿ ಅಲ್ಲ. ಸಾಗವಾನಿ ಕಟಗಿ ಕೊರದು, ಆಡಿನ ತೊಗಲು ಬಿಗದು, ಕಮಾನಿನಿಂದ ನುಡಿಸೋ ದಿಲ್‌ರುಬಾ ಮಾಡಿಕೊಟ್ಟರು. ಅವ ಕಲತ. ನನ್ನ ಲಗ್ನಕ್ಕ ಅವನ ದಿಲ್‌ರುಬಾನ ನುಡೀಬೇಕು ಅಂತ ಅಪ್ಪ ಠರಾಯಿಸಿದರು. "ಸನಾದಿ ಇಲ್ಲದ ಲಗ್ನ! ಎಂಥಾ ಶಾಣ್ಯಾ ಡಾಕ್ಟರೋ ಏನೋ," ಅಂತ ಸೋದರತ್ತಿ ಹಣಿ ಬಡಕೊಂಡಳು.

ಅಕಿ ಮಾತೇ ಖರೆ ಆತು. ಅಂತರಪಟ ಸರಿಸಿ ಭಟ್ಟರು "ವಾಜಂತ್ರಿ ಬಾರಿಸ್ರಿ!" ಅಂದರು. ದಿಲ್‌ರುಬಾ ನುಡೀತು. ಮುಂದಿನ ಸಾಲಿನ ಆಚೆ ಒಬ್ಬರಿಗೂ ಕೇಳಸಲಿಲ್ಲ. ಸನಾದಿ ಕೇಳಿದ ಮ್ಯಾಲೇ ಅಕ್ಕಿಕಾಳು ಹಾಕೋ ಮಂದಿ ಮುಟಿಗಿ ಹಿಡಕೊಂಡು ಹಂಗ ನಿಂತರು. ಇಷ್ಟು ಸಣ್ಣ ಸಂಗತಿ ಅಪ್ಪಗ ಹೊಳದಿದ್ದಿಲ್ಲ.

ಸನಾದಿಯವ ತಡಕೊಳ್ಳಲಿಲ್ಲ. ಗಂಟಿನ್ಯಾಗಿಂದ ಸನಾದಿ ತಗದು ಬಾಯಿಗೆ ಹಚ್ಚಿದ. ಅಪ್ಪ ಓಡಿಹೋಗಿ ಕಸಗೊಂಡರು. "ಎಂಜಲೈತ್ರಿ ಸಾಹೇಬ್ರ!" ಅಂತ ಅವ ಒದರಿದ. ಅಪ್ಪ ಧೋತರದ ಚುಂಗಿಗೆ ಒರಸಿ ತಾವೇ ಊದಿದರು. ಯಪ್ಪಾ, ಏನ ದನಿ ಅದು! ಎಮ್ಮಿ ಈಯಾಕತ್ತಂಗ. ಮಂದಿ ನಕ್ಕೋತ ಅಕ್ಕಿಕಾಳು ಹಾಕಿದರು, ನನ್ನ ಲಗ್ನ ಆತು. ಮಾರಿ ಕೆಂಪಗಾದರೂ ಅಪ್ಪ ಊದೂದು ಬಿಡವಲ್ಲರು.

ಸನಾದಿಯವನೊಬ್ಬ ನಗಲಿಲ್ಲ. ಕಣ್ಣಾಗ ನೀರು ತಂದು, "ಸಾಕ್ರಿ, ಸನಾದಿ ಮರ್ಯಾದಿ ತಗೀಬ್ಯಾಡ್ರಿ," ಅಂತ ಅಪ್ಪನ ಕೈಯಾಗಿಂದ ಇಸಕೊಂಡ. ಬಾಯಿತನಕ ತಂದ. ಆಮ್ಯಾಲ ಹೊಳ್ಳಿ, ಹಿಂದ ಶ್ರುತಿ ಹಿಡದು ಕುಂತಿದ್ದ ತನ್ನ ತಮ್ಮನ ಕೈಗೆ ಕೊಟ್ಟ.

"ಮುಂದ ಬಾರಲೇ, ಊದು," ಅಂದ. "ಅಳಕೋತ ಊದಬ್ಯಾಡ, ಶ್ರುತಿ ಹೋಗತೈತಿ."