ಬಿಳಿಬಾಲದ ಗೌಡ

ಬಣ್ಣದ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ದುಡಿದವನಿಗೆ ಮೂಗು ಇದ್ದೂ ಇಲ್ಲದ ಹಾಗೆ. ಸಂಗಮೇಶನ ಮೂಗಂತೂ ಮುಖದ ಅಂದಕ್ಕೆ ಇಟ್ಟದ್ದು ಅಷ್ಟೇ ಎಂದು ಅವನ ಹೆಂಡತಿ ಮಯೂರಿ ನಗುತ್ತಿದ್ದಳು. ಒಲೆಯ ಮೇಲೆ ಹಾಲು ಸೀದು ಕರಕಾದರೂ ಪಕ್ಕದಲ್ಲೇ ಪೇಪರು ಓದುತ್ತ ಕೂತಿರುವ ಆಸಾಮಿ. ಆದರೆ ಕಣ್ಣು? ಅಬ್ಬಾ, ಆ ಕಣ್ಣು! ಕಡಲಾಚೆಯ ದೇಶದ ಒನೆಹುಂಗಾ ಎಂಬ ಊರಿನ ಆ ಕಾರ್ಖಾನೆಯಲ್ಲಿ ಅವನ ಕೆಲಸವೇ ಬಣ್ಣ ಹೊಂದಿಸುವುದು. ಗಿರಾಕಿ ಕಳಿಸಿದ ಮಾದರಿಗೂ ಡಬ್ಬಿಯೊಳಗಿನ ಬಣ್ಣಕ್ಕೂ ಎಳ್ಳಷ್ಟು ವ್ಯತ್ಯಾಸವಿದ್ದರೂ ಯಂತ್ರಕ್ಕಿಂತ ಮೊದಲು ಇವನು ಹೇಳಿಬಿಡುತ್ತಿದ್ದ. ಬರೀ ಕಂದು ಬಣ್ಣದಲ್ಲೇ ನಲವತ್ತು ಬಗೆ ಗುರುತಿಸುತ್ತಿದ್ದ. ಗುಳೇದಗುಡ್ಡದಲ್ಲಿ ಖಣ ನೇಯುವವರ ಓಣಿಯಲ್ಲಿ ಬೆಳೆದ ಕಣ್ಣು, ಇನ್ನೇನು ಮತ್ತೆ.

ಈ ಕಣ್ಣೇ ಅವನನ್ನು ಕಾಡಿಗೆ ಎಳೆದದ್ದು. ಜನ್ಮದಲ್ಲಿ ಒಂದು ಮೊಟ್ಟೆ ಮುಟ್ಟದವನು, ಕೊರಳಲ್ಲಿ ಇಷ್ಟಲಿಂಗ ಕಟ್ಟಿಕೊಂಡವನು ಬೇಟೆಗೆ ಹೋದ ಎಂದರೆ ಯಾರು ನಂಬಬೇಕು?

ಆದದ್ದು ಹೀಗೆ. ಅದೇ ಕಾರ್ಖಾನೆಯ ಗೋದಾಮಿನಲ್ಲಿ ಮರ್ವಿನ್ ಎಂಬ ಆ ದೇಶದವನೇ ಆದ ಮುದುಕ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಹುಡುಗನಾಗಿದ್ದಾಗಿನಿಂದ ಬೇಟೆಯಾಡಿದವನು. ಆದರೂ ಒಂದು ಆಸೆ ಮಾತ್ರ ಕೈಗೂಡಿರಲಿಲ್ಲ. ಆ ದೇಶದ ದಕ್ಷಿಣ ತುದಿಯ ಸ್ಟೀವರ್ಟ್ ದ್ವೀಪದಲ್ಲಿ ಬಿಳಿಬಾಲದ ಜಿಂಕೆಗಳಿವೆ. ಅವುಗಳಲ್ಲಿ ಬಲಿತ ಗಂಡು ಇದೆಯಲ್ಲ, ಅದು ಎದುರಿಗೇ ನಿಂತಿದ್ದರೂ ಕಾಣುವುದಿಲ್ಲ, ಕಂಡರೆ ನಿಲ್ಲುವುದಿಲ್ಲ. ಸಾಯುವುದರೊಳಗೆ ಅಂಥದ್ದೊಂದನ್ನು ಹೊಡೆಯಬೇಕು ಎಂಬುದು ಮರ್ವಿನ್‌ನ ಹಟ. ಅವನ ಕಣ್ಣೋ, ಮಂಜಾಗುತ್ತ ಬಂದಿತ್ತು. ಒಂದು ದಿನ ಟೀ ಹೊತ್ತಿನಲ್ಲಿ ಆ ಕಾಡಿನ ಫೋಟೊ ಹಿಡಿದು, ಇದರಲ್ಲಿ ಒಂದು ಜಿಂಕೆ ಇದೆಯಂತೆ, ನನಗಂತೂ ಕಾಣದು ಎಂದು ಗೊಣಗುತ್ತಿದ್ದ. ಸಂಗಮೇಶ ಬಿಸ್ಕತ್ತು ಅಗಿಯುತ್ತಲೇ ಬೆರಳಿಟ್ಟು ಕಿವಿ ತೋರಿಸಿದ. ಮುದುಕ ಫೋಟೊ ಬಿಟ್ಟು ಇವನ ಮುಖವನ್ನೇ ನೋಡಿದ. ನೀನು ಬಂದೂಕು ಮುಟ್ಟಬೇಡ, ಬರೀ ನೋಡಲು ಬಾ ಎಂದು ಬೆನ್ನು ಹತ್ತಿದ.

ಹಾಗೆ 2013ರ ಮೇ ತಿಂಗಳಲ್ಲಿ ಇಬ್ಬರೂ ಹೋದರು. ದೋಣಿಯವನು ಒಂದು ಕೊಲ್ಲಿಯಲ್ಲಿ ಇಳಿಸಿ ಹೋದರೆ ಮತ್ತೆ ಬರುವುದು ಹತ್ತು ದಿನಕ್ಕೆ. ಬೇಟೆಗಾರರಿಗೆಂದೇ ಕಟ್ಟಿದ ಒಂದು ಗುಡಿಸಲು, ಹಿಂದೆ ಜರೀಗಿಡ ಹೆಣೆದುಕೊಂಡ ಕಾಡು, ಮುಂದೆ ಮರಳು. ಸಂಗಮೇಶ ನಸುಕಿನಲ್ಲೇ ಎದ್ದು, ಬಕೆಟ್ಟಿನಲ್ಲಿ ನೀರು ಕಾಯಿಸಿ ಮಿಂದು, ವಿಭೂತಿ ಹಚ್ಚಿ, ಊದಿನಕಡ್ಡಿ ಬೆಳಗಿ, ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂರುತ್ತಿದ್ದ. ಊದಿನಕಡ್ಡಿಯೆಂದರೆ ಅಂತಿಂಥದ್ದಲ್ಲ, ಅವನ ಜೊತೆಯಲ್ಲೇ ಇದ್ದ ತಾಯಿ ರತ್ನವ್ವ ಊರಿನಿಂದ ತರಿಸಿ ಚೀಲಕ್ಕೆ ಹಾಕಿದ್ದು, ಒಂದು ಹಚ್ಚಿದರೆ ಇಡೀ ಓಣಿಗೇ ಸಾಕಾಗುವಂಥದ್ದು. ಅಷ್ಟು ಹೊತ್ತೂ ಮರ್ವಿನ್ ಹೊರಗೆ ಚಳಿಯಲ್ಲಿ ಸುಮ್ಮನೆ ನಿಂತಿರುತ್ತಿದ್ದ.

ಆರನೆಯ ದಿನ ಸಂಗಮೇಶನಿಗೆ ಜರೀಗಿಡಗಳ ನಡುವೆ ಬೇರೆಯೇ ಒಂದು ಕಂದು ಕಂಡಿತು. ಒಣಗಿದ ಎಲೆಯದಲ್ಲ, ತೊಗಟೆಯದಲ್ಲ. ಆಮೇಲೆ ಗದ್ದದ ಕೆಳಗಿನ ಬಿಳಿ ಕಂಡಿತು, ಕೊಂಬು ಕಂಡಿತು. ಎಡಗೊಂಬಿನ ತುದಿ ಕೆಳಗೆ ಬಾಗಿತ್ತು. ಊರ ಕಟ್ಟೆಯ ಮೇಲೆ ಗೌಡರು ನಿಂತ ಹಾಗೆ ಗತ್ತಿನಿಂದ ನಿಂತಿತ್ತು. ಮರ್ವಿನ್ ಬಂದೂಕು ಎತ್ತುವಷ್ಟರಲ್ಲಿ ಅದು ಮೂಗೆತ್ತಿ, ಒಮ್ಮೆ ಜೋರಾಗಿ ಸೀನಿ, ಬಿಳಿ ಬಾಲ ನಿಗುರಿಸಿ ಮಾಯವಾಯಿತು. ಅಂದಿನಿಂದ ಅದರ ಹೆಸರು ಗೌಡ.

ಸಂಗಮೇಶನಿಗೆ ಹುಚ್ಚು ಹಿಡಿಯಿತು. ಮರುವರ್ಷ ಹೋದಾಗ ಗೌಡನ ಹಿಂಗಾಲಿನ ಗೊರಸು ಸೀಳಿದೆ ಎಂಬುದನ್ನು ಮರಳಿನ ಮೇಲಿನ ಹೆಜ್ಜೆಯಲ್ಲಿ ಕಂಡುಹಿಡಿದ. ಸಮುದ್ರ ಹಿಂದೆ ಸರಿದಾಗ ಅದು ದಂಡೆಗೆ ಬಿದ್ದ ಕಡಲಸೊಪ್ಪು ತಿನ್ನಲು ಬರುತ್ತದೆ, ಯಾವ ಕಂಟಿಗೆ ಕೊಂಬು ತಿಕ್ಕುತ್ತದೆ, ಎಲ್ಲ ಬರೆದಿಟ್ಟುಕೊಂಡ. ಮೂರನೆಯ ವರ್ಷ ಗೌಡ ಅರವತ್ತು ಮೀಟರಿಗೆ ಬಂದ. ಬಂದವನು ಮೂಗೆತ್ತಿದ, ಸೀನಿದ, ಹೋದ. ಸಂಗಮೇಶನಿಗೆ ಸಿಟ್ಟು ನೆತ್ತಿಗೇರಿತು. ಎಲ್ಲ ನಿನ್ನ ಪೈಪಿನ ತಂಬಾಕಿನಿಂದ ಎಂದು ಮುದುಕನ ಮೇಲೆ ಹರಿಹಾಯ್ದ. ಐವತ್ತು ವರ್ಷ ಪೈಪು ಸೇದಿದ ಮನುಷ್ಯ, ಅದನ್ನು ಸಮುದ್ರಕ್ಕೆ ಎಸೆದುಬಿಟ್ಟ.

ನಾಲ್ಕನೆಯ ವರ್ಷವೂ ಅದೇ ಕಥೆ. ಕೊನೆಯ ದಿನ ಹವೆ ಕೆಡುತ್ತದೆಂದು ದೋಣಿಯವನು ಬೇಗನೆ ಬಂದ. ಸಂಗಮೇಶ ಆಗಷ್ಟೇ ಪೂಜೆ ಮುಗಿಸಿದ್ದ. ದೋಣಿಯವನು ದಂಡೆಗೆ ಕಾಲಿಡುತ್ತಲೇ ನಗತೊಡಗಿದ. ಕೊಲ್ಲಿ ತಿರುಗುವ ಮೊದಲೇ ನಿಮ್ಮ ಧೂಪದ ವಾಸನೆ ದೋಣಿಗೆ ಬಂತು, ಈ ದ್ವೀಪದಲ್ಲಿ ಅದನ್ನು ಮೂಸದ ಜಿಂಕೆ ಒಂದೂ ಉಳಿದಿರಲಿಕ್ಕಿಲ್ಲ ಎಂದ.

ಸಂಗಮೇಶ ತಾನು ತೊಟ್ಟ ಜಾಕೆಟ್ಟಿನ ತೋಳನ್ನು ಮೂಗಿಗೆ ಹಿಡಿದ. ಅವನಿಗೇನೂ ಗೊತ್ತಾಗಲಿಲ್ಲ. ಮರ್ವಿನ್ ಕಡೆ ತಿರುಗಿದ. ಮರ್ವಿನ್ ತಲೆ ಬಗ್ಗಿಸಿ ಚೀಲದ ಹಗ್ಗ ಬಿಗಿಯುತ್ತಿದ್ದ. ಅವನಿಗೆ ಮೊದಲ ವರ್ಷದಿಂದಲೇ ಗೊತ್ತಿತ್ತು! ಗುಡಿಸಲಿನ ಕಟ್ಟಿಗೆಯ ಹೊಗೆ ಆ ಜಿಂಕೆಗಳಿಗೆ ಹಳೆಯದು. ಈ ವಾಸನೆ ಹೊಸದು. ಯಾಕೆ ಹೇಳಲಿಲ್ಲ ಎಂದು ಸಂಗಮೇಶ ಕೇಳಿದ. ಮನುಷ್ಯನೊಬ್ಬ ದೇವರ ಮುಂದೆ ಕೂತಾಗ ಅದು ಬೇಡ, ಇದು ಬೇಡ ಎನ್ನಲು ನಾನ್ಯಾರು ಎಂದು ಮುದುಕ ಚೀಲ ಎತ್ತಿಕೊಂಡ. ಸಂಗಮೇಶನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ತಂಬಾಕು ಬಿಡಿಸಿದ್ದು ನೆನಪಾಗಿ ಇನ್ನಷ್ಟು ಕುಗ್ಗಿದ.

ಅದೇ ವರ್ಷ ಮರ್ವಿನ್‌ಗೆ ಕೈನಡುಕ ಶುರುವಾಯಿತು. ಸೊಂಟವೂ ಕೈಕೊಟ್ಟಿತು. ಬೇಟೆಗೆ ಮುಂದಿನ ಮೇ ಒಂದೇ, ಆಮೇಲೆ ಹೋಗುವಂತಿಲ್ಲ ಎಂದು ಡಾಕ್ಟರು ಖಡಾಖಂಡಿತ ಹೇಳಿದರು. ಊದಿನಕಡ್ಡಿ ಒಂದು ಬಿಟ್ಟರಾಯಿತಲ್ಲ, ಅದರಲ್ಲೇನು ಎಂದುಕೊಂಡಿದ್ದ ಸಂಗಮೇಶ, ಊಟಕ್ಕೆ ಕೂತಾಗ ತಾಯಿಗೆ ಎಲ್ಲ ಹೇಳಿದ. ರತ್ನವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ನಾಕು ವರ್ಷ ನಿನ್ನ ಪೂಜಾ ಒಂದು ಜೀವಾ ಕಾದೈತಿ," ಎಂದಳು. "ಗೊತ್ತಿಲ್ಲದ ಕಾದಿ. ಈಗ ಗೊತ್ತಿದ್ದೂ ಗೊತ್ತಿದ್ದೂ ಕೊಲ್ಲಾಕ ಹೊಂಟೀಯೇನು?"

ಸಂಗಮೇಶ ಎತ್ತಿದ ತುತ್ತನ್ನು ತಾಟಿಗೇ ಇಟ್ಟ. ಇದನ್ನು ಅವನು ಯೋಚಿಸಿಯೇ ಇರಲಿಲ್ಲ. ಬಂದೂಕು ತನ್ನದಲ್ಲ, ಗುಂಡು ತನ್ನದಲ್ಲ, ನೋಡುವುದಷ್ಟೇ ತನ್ನ ಕೆಲಸ ಎಂದು ಇಷ್ಟು ವರ್ಷ ಹಾಯಾಗಿದ್ದ. ಈಗ ಗೌಡನ ಜೀವ ಒಂದು ಕಡ್ಡಿಯ ಮೇಲೆ ನಿಂತಿತ್ತು. ಹಚ್ಚಿದರೆ ಮುದುಕನ ಆಸೆ ಮಣ್ಣುಪಾಲು. ಬಿಟ್ಟರೆ ಆ ಪಾಪದಲ್ಲಿ ತನ್ನದೂ ಪಾಲು. ವರ್ಷವಿಡೀ ಅದೇ ಚಿಂತೆ. ಹೊರಡುವ ದಿನ ರತ್ನವ್ವ ತಾನೇ ಊದಿನಕಡ್ಡಿಯ ಕಟ್ಟನ್ನು ಚೀಲಕ್ಕೆ ಹಾಕಿದಳು.

2017. ಮೊದಲ ನಸುಕಿನಲ್ಲಿ ಸಂಗಮೇಶ ಆ ಕಟ್ಟನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತ. ಹೊರಗೆ ಮರ್ವಿನ್ ಎಂದಿನಂತೆ ನಿಂತಿದ್ದ, ಈ ಸಲ ಊರುಗೋಲು ಹಿಡಿದುಕೊಂಡು. ಸಂಗಮೇಶ ಕಟ್ಟನ್ನು ಒಳಗಿಟ್ಟು, ಬರೀ ನೀರು ಎರೆದು ಪೂಜೆ ಮಾಡಿದ. ಮನಸ್ಸು ನಿಲ್ಲಲಿಲ್ಲ. ಆದರೆ ಎಂಟು ದಿನವೂ ಹಾಗೇ ಮಾಡಿದ. ಎಂಟು ದಿನವೂ ಗೌಡನ ಸುಳಿವಿಲ್ಲ. ಪೀಡೆ ಕಳೆಯಿತು, ತಾನಾಗಿಯೇ ಎಲ್ಲಾದರೂ ಸತ್ತಿರಬೇಕು ಎಂದು ಒಳಗೊಳಗೇ ಹಗುರಾಗುತ್ತಿದ್ದ.

ಒಂಬತ್ತನೆಯ ದಿನ ಬೆಳಕು ಹರಿಯುತ್ತಲೇ ಗೌಡ ದಂಡೆಗೆ ಬಂದ. ಮುದಿಯಾಗಿದ್ದ, ಬೆನ್ನು ಬಾಗಿತ್ತು, ಕೊಂಬು ಮಾತ್ರ ಇನ್ನೂ ದಪ್ಪ. ಗಾಳಿಗೆ ಮೂಗೊಡ್ಡಿದ. ಏನೂ ತಿಳಿಯಲಿಲ್ಲ. ತಲೆ ತಗ್ಗಿಸಿ ಕಡಲಸೊಪ್ಪಿಗೆ ಬಾಯಿ ಹಾಕಿದ. ದಿಬ್ಬದ ಮೇಲೆ ಕೂತಿದ್ದ ಮರ್ವಿನ್ ಬಂದೂಕು ಎತ್ತಿದ. ಕೊಳವೆ ಗಡಗಡ ನಡುಗುತ್ತಿತ್ತು. ಇಳಿಸಿದ, ಮತ್ತೆ ಎತ್ತಿದ, ಮತ್ತೆ ನಡುಕ. ನನ್ನಿಂದಾಗದು ಎಂಬಂತೆ ತಲೆಯಾಡಿಸಿ ಕಣ್ಣು ಮುಚ್ಚಿದ. ಅವನ ಕಣ್ಣಂಚಿನಲ್ಲಿ ನೀರಿತ್ತು.

ಸಂಗಮೇಶ ತೆವಳಿಕೊಂಡು ಹೋಗಿ ಮರ್ವಿನ್ ಮುಂದೆ ಬೆನ್ನು ಹಾಕಿ ಕೂತ. ಬಂದೂಕಿನ ಕೊಳವೆಯನ್ನು ಎಳೆದು ತನ್ನ ಹೆಗಲ ಮೇಲೆ ಇಟ್ಟುಕೊಂಡ. ಎರಡೂ ಕಿವಿಗೆ ಬೆರಳು ತುರುಕಿದ. ಎದುರಿಗೆ ಗೌಡ ಮೇಯುತ್ತಿದ್ದ. ಒಂದೇ ಒಂದು ಸಲ ಸಂಗಮೇಶ ಕೆಮ್ಮಿದ್ದರೆ, ಹೆಗಲು ಅಲುಗಿಸಿದ್ದರೆ ಸಾಕಿತ್ತು. ಅವನು ಉಸಿರು ಬಿಗಿಹಿಡಿದ.

ಗುಂಡು ಹಾರಿತು. ಗೌಡ ನಾಲ್ಕು ಹೆಜ್ಜೆ ನಡೆದು ಮರಳಿನ ಮೇಲೆ ಕುಸಿದ.

ಮರ್ವಿನ್ ಅದರ ಕೊರಳ ಮೇಲೆ ಕೈಯಿಟ್ಟು ಮಗುವಿನಂತೆ ಅತ್ತ. ಅದರ ಬಾಯಿ ಬಿಡಿಸಿ ತೋರಿಸಿದ. ಹಲ್ಲು ವಸಡಿನವರೆಗೂ ಸವೆದಿತ್ತು, ಇನ್ನೊಂದು ಚಳಿಗಾಲ ಕಾಣುತ್ತಿರಲಿಲ್ಲ. ಅದರಿಂದ ಸಂಗಮೇಶನಿಗೆ ಸಮಾಧಾನವೇನೂ ಆಗಲಿಲ್ಲ. ಮುದುಕನಿಗಾಗಿ ಸಂತೋಷವಾಗಿತ್ತು, ಗೌಡನಿಗಾಗಿ ಕರುಳು ಹಿಂಡುತ್ತಿತ್ತು. ಅವನೂ ಅತ್ತ. ಮರ್ವಿನ್‌ಗೆ ಹೊರಲಾಗದ್ದರಿಂದ ಆ ಭಾರವನ್ನೂ ಅವನೇ ಹೊತ್ತು ಗುಡಿಸಲಿಗೆ ತಂದ.

ಮನೆಗೆ ಬಂದು ಒಂದನ್ನೂ ಮುಚ್ಚಿಡದೆ ಹೇಳಿದ. ರತ್ನವ್ವ ಹದಿನೈದು ದಿನ ಮಗನೊಡನೆ ಮಾತು ಬಿಟ್ಟಳು. ತಾಟಿಗೆ ಬಡಿಸುತ್ತಿದ್ದಳು, ಮುಖ ನೋಡುತ್ತಿರಲಿಲ್ಲ. ಸಂಗಮೇಶ ಕೆಲಸಕ್ಕೆ ಹೋಗುತ್ತಿದ್ದ, ಬರುತ್ತಿದ್ದ, ಇದ್ದಬದ್ದ ಅನ್ನ ನುಂಗಿ ಏಳುತ್ತಿದ್ದ.

ಒಂದು ಭಾನುವಾರ ಮಧ್ಯಾಹ್ನ ಮರ್ವಿನ್ ಊರುಗೋಲು ಊರುತ್ತ ಬಾಗಿಲಿಗೆ ಬಂದ. ಮಾಂಸ ತಂದಿರಲಿಲ್ಲ, ಕೊಂಬು ತಂದಿರಲಿಲ್ಲ. ಬೂಟು ಹೊರಗೆ ಬಿಟ್ಟು ಅಂಗಿಯ ಗುಂಡಿ ಹಾಕಿಕೊಂಡು ಒಳಗೆ ಕೂತ. ರತ್ನವ್ವ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಒಳಗೆ ಹೋದವಳು ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು ಹಾಕಿದ ತಾಟು ತಂದು ಅವನ ಮುಂದಿಟ್ಟು ಮಗನ ಕಡೆ ತಿರುಗಿದಳು.

"ಅವಗ ಹೇಳು. ನನ್ನ ಮಗನ್ನ ಪಾಪದಾಗ ಎಳದೀ, ಆ ಸಿಟ್ಟು ನಾ ಸಾಯೂತನಕ ಹೋಗೂದಿಲ್ಲ ಅನ್ನು. ಆದರ ನಾಕು ವರ್ಷ ನಿನ್ನ ಆಸೆ ಕಣ್ಣ ಮುಂದ ಕೈಬಿಟ್ಟು ಹೊಂಟಿದ್ರೂ ಅವನ ಪೂಜಾಕ್ಕ ಅಡ್ಡ ಬರಲಿಲ್ಲಲ್ಲಪಾ, ಅದಕ್ಕ ಉಣ್ಣು ಅನ್ನು."

ಹದಿನೈದು ದಿನದ ಮೇಲೆ ಅವ್ವ ತನ್ನೊಡನೆ ಆಡಿದ ಮೊದಲ ಮಾತು. ಸಂಗಮೇಶ ಸಿಟ್ಟಿನ ಮಾತನ್ನೂ ಬಿಡದೆ, ಒಂದಕ್ಷರ ಮೆದು ಮಾಡದೆ ಇಂಗ್ಲಿಷಿನಲ್ಲಿ ಹೇಳಿದ. ಮರ್ವಿನ್ ರತ್ನವ್ವನ ಮುಖವನ್ನೇ ನೋಡುತ್ತ ಎಲ್ಲ ಕೇಳಿಸಿಕೊಂಡ.

"ಫೇರ್ ಎನಫ್," ಎಂದು, ನಡುಗುವ ಕೈಯಿಂದ ರೊಟ್ಟಿ ಮುರಿದ.