ದೊಡ್ಡಮಾದಯ್ಯನವರಿಗೆ ಗೊತ್ತಿದ್ದ ತೂಬು

ನಂಜನಗೂಡಿನಿಂದ ನರಸೀಪುರಕ್ಕೆ ಹೋಗುವ ಬಸ್ಸು ಜೊಂಡಗೆರೆಯಲ್ಲಿ ಎರಡು ನಿಮಿಷ ನಿಲ್ಲುತ್ತದೆ. ಅಷ್ಟರಲ್ಲಿ ಊರನ್ನೆಲ್ಲ ನೋಡಿ ಮುಗಿಸಬಹುದು: ಒಂದು ಬ್ಯಾಂಕು, ಎರಡು ಗೊಬ್ಬರದಂಗಡಿ, ಹಾಲಿನ ಡೈರಿ, ಬಸವಯ್ಯನ ಟೀ ಅಂಗಡಿ. ಮುಗಿಯದೇ ಇರುವುದು ಊರಿನ ಬೆನ್ನಿಗಿರುವ ಕೆರೆ. ಕೆರೆ ಅನ್ನುವುದೂ ಕಂದಾಯ ಕಾಗದದ ಮಾತು ಅಷ್ಟೆ. ಹೂಳು ತುಂಬಿ, ಆಳೆತ್ತರದ ಜೊಂಡು ಬೆಳೆದು, ಐನೂರು ಎಕರೆ ಹುದುಲಾಗಿ ಯಾವ ಕಾಲವಾಯಿತೋ. ಕಾಲಿಟ್ಟರೆ ಮೊಣಕಾಲಿನ ತನಕ ಕೆಸರು, ಇನ್ನೊಂದು ಹೆಜ್ಜೆಗೆ ಸೊಂಟದ ತನಕ. ಹಂದಿ, ನೀರುಕೋಳಿ, ಹೆಬ್ಬಾವು ಎಲ್ಲಕ್ಕೂ ಅಲ್ಲಿ ಖಾತೆ ಇದೆ, ಮನುಷ್ಯನಿಗೆ ಇಲ್ಲ.

ಇಂಥ ಹುದುಲಿನ ಒಳಗುಟ್ಟು ಬಲ್ಲವರು ಒಬ್ಬರೇ ಎಂದು ಊರು ನಂಬಿತ್ತು. ಅವರೇ ನೀರುಗಂಟಿ ದೊಡ್ಡಮಾದಯ್ಯ. ಕೆರೆಯ ತೂಬು ಎತ್ತಿ ಗದ್ದೆಗೆ ನೀರು ಬಿಡುವುದು ಅವರ ವಂಶದ ಕೆಲಸ. ನಾಲೆ ಬಂದ ಮೇಲೆ ಕೆರೆಯ ನೀರು ಯಾರಿಗೂ ಬೇಡವಾಯಿತು, ತೂಬು ಜೊಂಡಿನೊಳಗೆ ಮುಚ್ಚಿಹೋಯಿತು, ಕೆಲಸವೂ ಹೋಯಿತು. ಗತ್ತು ಮಾತ್ರ ಗುಲಗಂಜಿಯಷ್ಟೂ ಇಳಿಯಲಿಲ್ಲ. ಎಪ್ಪತ್ತು ದಾಟಿದ್ದರೂ ಕೈಯಲ್ಲಿ ಎಂಟಡಿಯ ಬಿದಿರಿನ ಗಳ, ಹೆಗಲ ಮೇಲೆ ಮಡಿಸಿದ ಟವೆಲ್ಲು. ಟೀ ಅಂಗಡಿಯಲ್ಲಿ ಯಾರಾದರೂ "ಅಳೇ ತೂಬು ಎಲ್ಲೈತೆ ಮಾದಯ್ಯ?" ಅಂದರೆ ಸಾಕು, ಒಂದು ಕಣ್ಣು ಮುಚ್ಚಿ, "ನಂಗೊತ್ತು ಕಣ್ರಪ್ಪ. ನೀರಿನ ಗುಟ್ಟ ಬಾಯಲ್ಲಿ ಯೋಳ್ಬಾರ್ದು" ಎಂದು ಸುರ್ರನೆ ಟೀ ಹೀರುತ್ತಿದ್ದರು.

ಅಯ್ಯೋ, ಗೊತ್ತಿದ್ದರಲ್ಲವೇ ಹೇಳುವುದು! ಅವರಪ್ಪ ಕೊನೆಯ ಸಲ ತೂಬು ಎತ್ತಲು ಹೊರಟ ದಿನ "ಬಾ ಮಗ, ಎಲ್ಲಿ ಅಂತ ತೋರುಸ್ತೀನಿ" ಎಂದು ಕರೆದಿದ್ದರು. ಇವರು ಹೊಟ್ಟೆನೋವು ಅಂತ ಮುಖ ಕಿವುಚಿ ಮಲಗಿದರು. ಅಪ್ಪ ಮರೆಯಾದದ್ದೇ ತಡ, ನರಸೀಪುರದ ಟೆಂಟಿನಲ್ಲಿ ಎರಡು ಸಲ ನೋಡಿದ್ದ ಸಿನಿಮಾವನ್ನೇ ಮೂರನೇ ಸಲ ನೋಡಲು ಓಡಿದರು. ಅದೇ ತಿಂಗಳು ಅಪ್ಪ ತೀರಿಕೊಂಡರು. ಐವತ್ತು ವರ್ಷವಾಯಿತು. ಸಿನಿಮಾದ ಕತೆಯೂ ಈಗ ನೆನಪಿಲ್ಲ.

ಹಾಗಂತ ಬರೀ ಬಡಾಯಿಕೋರ ಎಂದು ನಗಬೇಡಿ. ಕೆಳಗಲಕೇರಿಯ ಒಬ್ಬ ಕೂಲಿ ಮುದುಕನಿಗೆ ಮೇಲಿನ ಬೀದಿಯವರು "ಬಾ ಮಾದಯ್ಯ, ಕುರ್ಚಿ ಎಳ್ಕೊ" ಎನ್ನುವುದು ಸುಮ್ಮನೆ ಬರುವ ಮರ್ಯಾದೆಯಲ್ಲ. ಆ ಮರ್ಯಾದೆಯೆಲ್ಲ ನಿಂತಿದ್ದು ಆ ಕಾಣದ ತೂಬಿನ ಮೇಲೆ. ಅದು ಅವರಿಗೂ ಚೆನ್ನಾಗಿ ಗೊತ್ತಿತ್ತು.

ಹೆಂಡತಿ ದೊಡ್ಡಮ್ಮನವರಿಗೆ ಇಂಥ ಗತ್ತೇನೂ ಇರಲಿಲ್ಲ. ನಲವತ್ತು ವರ್ಷದಿಂದ ದಿನಾ ಬೆಳಿಗ್ಗೆ ಹುದುಲಿಗೆ ಇಳಿದು ಜೊಂಡು ಕೊಯ್ದು, ಒಣಗಿಸಿ, ಚಾಪೆ ಹೆಣೆದು ನಂಜನಗೂಡಿಗೆ ಮಾರಲು ಒಯ್ಯುತ್ತಿದ್ದರು. ಆದರೆ ಹುದುಲಿನ ವಿಚಾರ ಅವರನ್ನು ಕೇಳಬೇಕು ಎಂದು ಯಾರಿಗೂ ಹೊಳೆದಿರಲಿಲ್ಲ. ಗಂಡನಂತೂ ಊಟಕ್ಕೇನು ಅನ್ನುವುದೊಂದನ್ನು ಬಿಟ್ಟು ಹೆಂಡತಿಯನ್ನು ಬೇರೇನೂ ಕೇಳಿದ ಪುಣ್ಯಾತ್ಮರಲ್ಲ.

ಹೀಗಿರುವಾಗ ಹೋದ ಮಳೆಗಾಲದಲ್ಲಿ ಕೆರೆ ತುಂಬಿತು. ನೀರು ಹೋಗಲು ದಾರಿಯಿಲ್ಲದೆ ಕೆಳಗಲಕೇರಿಯ ಮನೆಗಳ ಒಳಗೇ ಒರತೆ ಎದ್ದಿತು. ಜನ ಮಂಚದ ಮೇಲೆ ಒಲೆ ಇಟ್ಟುಕೊಂಡು ಅಡುಗೆ ಮಾಡಿದರು. ಅರ್ಜಿಯ ಮೇಲೆ ಅರ್ಜಿ ಹೋಗಿ, ಹಳೆಯ ತೂಬು ಬಿಡಿಸುವ ಕೆಲಸ ಮಂಜೂರಾಗಿ, ಒಂದು ಬೆಳಿಗ್ಗೆ ಇಂಜಿನಿಯರ್ ಸಿಂಧು ಮೇಡಂ ಜೆಸಿಬಿ ಸಮೇತ ಬಂದಿಳಿದರು.

"ಜೆಸಿಬಿ ಇವತ್ತೊಂದೇ ದಿನ ಇರೋದು," ಎಂದರು ಮೇಡಂ. "ಒಂದೂವರೆ ಮೈಲಿ ಏರಿನೆಲ್ಲ ಅಗೆಯೋಕಾಗಲ್ಲ. ಜಾಗ ತೋರಿಸಿದ್ರೆ ತೆಗೀತೀವಿ. ಇಲ್ಲಾಂದ್ರೆ ಈ ಕೆಲಸ ಬೇರೆ ಊರಿಗೆ ಹೋಗುತ್ತೆ."

"ಅದ್ಕ್ಯಾಕೆ ಯೋಚ್ನೆ ಮೇಡಂ? ನಮ್ಮ ಮಾದಯ್ಯ ಇಲ್ವಾ!" ಎಂದ ಟೀ ಅಂಗಡಿ ಬಸವಯ್ಯ.

ಇಲ್ಲ ಅನ್ನಲು ದೊಡ್ಡಮಾದಯ್ಯನವರ ಗತ್ತು ಬಿಡಲಿಲ್ಲ. ಗಳ ಹಿಡಿದು ಏರಿಯ ಮೇಲೆ ಹೊರಟೇಬಿಟ್ಟರು. ಹಿಂದೆ ಮೇಡಂ, ಅವರ ಹಿಂದೆ ಜೆಸಿಬಿ, ಅದರ ಹಿಂದೆ ಊರಿಗೆ ಊರೇ. ಒಂದು ಕಡೆ ನಿಂತು ಗಾಳಿ ಮೂಸಿ "ಇಲ್ಲಿ" ಎಂದರು. ಅಗೆದರೆ ಕೆಸರು, ಒಂದು ಹವಾಯಿ ಚಪ್ಪಲಿ. "ವಸಿ ಅತ್ಲಾಗೆ" ಎಂದರು. ಅತ್ಲಾಗೆ ಯಾರೋ ಎಸೆದಿದ್ದ ಟ್ರ್ಯಾಕ್ಟರ್ ಟೈರು. ಮೂರನೇ ಕಡೆ ಜೆಸಿಬಿಯೇ ಅರ್ಧ ಹೂತುಕೊಂಡಿತು, ಅದನ್ನು ಎತ್ತುವಷ್ಟರಲ್ಲಿ ಮಧ್ಯಾಹ್ನ ಕಳೆಯಿತು.

"ತೂಬು ಜಾಗ ಬದ್ಲಾಯಿಸ್ಬುಟ್ಟದೆ ಮೇಡಮ್ಮೋರೆ."

"ಅದು ಕಲ್ಲಿಂದಲ್ವಾ ತಾತ?" ಎಂದು ಮೇಡಂ ಮೆಲ್ಲಗೆ ಕೇಳಿದರು. ಜನ ಕಿಸಕ್ಕನೆ ನಕ್ಕರು.

ಮೇಡಂ ಗಡಿಯಾರ ನೋಡಿ ಜೆಸಿಬಿಯವನಿಗೆ ವಾಪಸ್ ತಿರುಗಿಸಲು ಹೇಳಿದರು. ಕೇರಿಯ ಹೆಂಗಸರ ಮುಖ ಇಳಿದುಹೋಯಿತು. ಅದನ್ನು ನೋಡಲಾರದೆ ದೊಡ್ಡಮಾದಯ್ಯ ಹುದುಲಿನ ಕಡೆ ತಿರುಗಿದರೆ, ಅಲ್ಲಿ ದೊಡ್ಡಮ್ಮ ತಲೆಯ ಮೇಲೆ ಜೊಂಡಿನ ಹೊರೆ ಹೊತ್ತು ಮೇಲೆ ಬರುತ್ತಿದ್ದರು. ತೊಡೆಯ ತನಕ ಕೆಸರು. ನಲವತ್ತು ವರ್ಷದಿಂದ ದಿನಾ ಕಂಡ ಕೆಸರೇ, ಆದರೆ ಅದು ಎಲ್ಲಿಂದ ಹತ್ತಿಕೊಂಡದ್ದು ಅನ್ನುವುದು ಆ ಮಹಾನುಭಾವರ ತಲೆಗೆ ಹೊಕ್ಕಿದ್ದು ಆವತ್ತು.

ಊರೆಲ್ಲ ನೋಡುತ್ತಿತ್ತು. ಕೇಳಿದರೆ ಮಾನ ಹೋಗುತ್ತದೆ, ಕೇಳದಿದ್ದರೆ ಜೆಸಿಬಿ ಹೋಗುತ್ತದೆ. ಗಳ ಊರಿಕೊಂಡು ಹೆಂಡತಿಯತ್ತ ಎರಡು ಹೆಜ್ಜೆ ಇಟ್ಟರು.

"ಅಮ್ಮೀ, ತೂಬಿನ ಕಲ್ಲ ನೀನೇನಾರ ಕಂಡಿದ್ದೀಯಾ?"

"ಯಾವ್ದು? ಎಲ್ಡು ಕಂಬ, ಅಡ್ಡಕ್ಕೊಂದು ಕಲ್ಲು, ಅದಾ?" ದೊಡ್ಡಮ್ಮ ಹೊರೆ ಇಳಿಸಿದರು. "ಅದ್ರ ಮ್ಯಾಲೇ ಅಲ್ವಾ ನಾ ದಿನಾ ಕುಡ್ಲು ಮಸೆಯದು?"

ಮಾತು ಮುಗಿಯುವ ಮೊದಲೇ ಜೊಂಡಿನೊಳಗೆ ಇಳಿದು, ಇಪ್ಪತ್ತು ಹೆಜ್ಜೆ ಆಚೆ ಕುಡುಗೋಲಿನಿಂದ ಕಲ್ಲನ್ನು ಟಣಟಣ ಬಡಿದರು. ಜೆಸಿಬಿ ಆ ಸದ್ದಿಗೆ ಹೋಯಿತು. ಕೆಸರು ಬಗೆದಂತೆ ಕಂಬವೆರಡೂ ಎದ್ದು ಕಂಡವು. ಅಡ್ಡಗಲ್ಲಿನ ನಡುಭಾಗ ಮಸೆದು ಮಸೆದು ಬೊಗಸೆಯ ಹಾಗೆ ತಗ್ಗಾಗಿತ್ತು. ಕೇರಿಯ ಹೆಂಗಸರು ಹೋ ಎಂದು ಕೂಗಿದರು.

ಮೇಡಂ ಪುಸ್ತಕ ತೆಗೆದರು. "ಜಾಗ ತೋರಿಸಿದವರ ಹೆಸರು ಬರ್ಕೋಬೇಕು."

"ನಮ್ಮೋರು," ಎಂದರು ದೊಡ್ಡಮ್ಮ ತಟ್ಟನೆ. "ಮದ್ವೆ ಆದ ವರ್ಸನೇ ಕರ್ಕ ಬಂದು ತೋರ್ಸಿದ್ರು. ಈಗ ವಯಸ್ಸಾಯ್ತಲ್ಲ, ಮರ್ತುಬುಟ್ಟವ್ರೆ."

"ನೋಡಿದ್ರಾ, ನಮ್ಮ ಮಾದಯ್ಯ ಅಂದ್ರೆ ಸುಮ್ನೆಯಾ!" ಎಂದ ಬಸವಯ್ಯ. ಊರು ತಲೆಯಾಡಿಸಿತು. ಇನ್ನು ದೊಡ್ಡಮಾದಯ್ಯ ಮಾಡಬೇಕಾದ್ದು ಬಾಯಿ ಮುಚ್ಚಿಕೊಂಡಿರುವುದು ಮಾತ್ರ. ಐವತ್ತು ವರ್ಷದ ಅಭ್ಯಾಸವಿತ್ತಲ್ಲ, ಅದೇನು ಕಷ್ಟ?

ಅವರು ಹೆಂಡತಿಯ ಮುಖ ನೋಡಿದರು. ತನಗೆ ಗೊತ್ತಿಲ್ಲ ಅನ್ನುವುದು ಇವಳಿಗೆ ಮೊದಲಿನಿಂದಲೂ ಗೊತ್ತು. ಗೊತ್ತಿದ್ದೂ, ಅಷ್ಟು ವರ್ಷ, ಒಬ್ಬರ ಮುಂದೂ ಬಾಯಿ ಬಿಟ್ಟಿಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಅವಳ ಮೇಲೆ ಅಕ್ಕರೆ ಉಕ್ಕಿ ಬಂತು.

"ಸುಳ್ಳು ಮೇಡಮ್ಮೋರೆ," ಎಂದರು. "ನಂಗೆ ಯಾವತ್ತೂ ಗೊತ್ತಿರ್ಲಿಲ್ಲ. ಈ ಕಲ್ಲ ನಾ ಕಾಣ್ತಿರದು ಇವತ್ತೇ. ಇವಳೆಸ್ರು ಬರ್ಕೊಳಿ."

ಯಾರೂ ನಗಲಿಲ್ಲ. ಮೇಡಂ ಪೆನ್ನು ಹಿಡಿದು ಕೇಳಿದರು, "ಏನಂತ ಬರೀಲಿ ತಾತ?"

"ನೀರುಗಂಟಿ ದೊಡ್ಡಮ್ಮ ಅಂತ."

"ಥೂ, ನಿಮ್ಗೇನ್ ಬಂದದೆ ಇವತ್ತು!" ಎಂದು ದೊಡ್ಡಮ್ಮ ಗದರಿ, ಕೆಸರುಗೈಯನ್ನೂ ಲೆಕ್ಕಿಸದೆ ಸೆರಗಿನಿಂದ ಕಣ್ಣು ಒರೆಸಿಕೊಂಡರು.